ಅಜ್ಜಿ ಇಟ್ಟ ಪ್ರಸ್ಥಾನ

ಅಂಬಾಬಾಯಿ ಮನೆಯ ಹೊಸ್ತಿಲು ದಾಟಿದಳೆಂದರೆ ಅದೊಂದು ಸುದ್ದಿ. ಮಠದಲ್ಲಿ ಆರಾಧನೆ ಇದ್ದರೆ, ಇಲ್ಲವೆ ತಾವಿರುವ ಮಾಳಮಡ್ಡಿಯಲ್ಲಿ ಯಾರಾದರೂ ತೀರಿಕೊಂಡರೆ ಮಾತ್ರ ಆಕೆ ಬೀದಿಗೆ ಇಳಿಯುವುದು. ಹಾಗಾಗಿ ಅಕ್ಷಯ ತದಿಗೆಯ ಮರುದಿನ ಟಪಾಲು ಕಚೇರಿಯಿಂದ ಬರಿಗೈಯಲ್ಲಿ ಮರಳಿದ ಸುಹಾಸಿನಿ, ಹಿತ್ತಲ ಕಟ್ಟೆಯ ಮೇಲೆ ಅಜ್ಜಿಯ ಮಣೆ ಬರಿದಾಗಿರುವುದನ್ನು ಕಂಡು, ಯಾರು ಹೋದರಪ್ಪಾ ಎಂದು ಎದೆಯ ಮೇಲೆ ಕೈಯಿಟ್ಟುಕೊಂಡಳು.

ಯಾರೂ ಹೋಗಿರಲಿಲ್ಲ. ಅಜ್ಜಿಯೇ ಹೋಗಿದ್ದಳು, ಪಡುವಲ ಮಗ್ಗುಲಿನ ಕಾಶೀಬಾಯಿಯ ಮನೆಗೆ, ಕೈಯಲ್ಲೊಂದು ಗಂಟು ಹಿಡಿದು. ಮುಹೂರ್ತ ಮೀರುತ್ತದೆಂದು ಮೊಮ್ಮಗಳ ದಾರಿ ಕಾಯ್ದು ಕಾಯ್ದು, ಕೊನೆಗೆ ತಾನೇ ಎದ್ದು ನಡೆದಳಂತೆ. ತಾಯಿ ಭಕ್ಕರಿ ಬಡಿಯುತ್ತಲೇ ಇಷ್ಟನ್ನು ಹೇಳಿ, ಇಂದಾದರೂ ಕಾಗದ ಬಂತೇನೆಂದು ಹುಬ್ಬಿನಲ್ಲೇ ಕೇಳಿದಳು. ಸುಹಾಸಿನಿ ಇಲ್ಲವೆಂದು ತಲೆಯಾಡಿಸಿದಳು.

ಆ ಕಾಗದದ ಕಥೆ ಶಿವರಾತ್ರಿಯಿಂದ ನಡೆದಿತ್ತು. ಜಂಜಿಬಾರದಲ್ಲಿ ನಮ್ಮ ದೇಶದ ವ್ಯಾಪಾರಸ್ಥರು ನಡೆಸುವ ಹೆಣ್ಣುಮಕ್ಕಳ ಶಾಲೆಯೊಂದಕ್ಕೆ ಶಿಕ್ಷಕಿ ಬೇಕೆಂದು ಮುಂಬಯಿಯ ಪತ್ರಿಕೆಯಲ್ಲಿ ಬಂದಿತ್ತು. ಮ್ಯಾಟ್ರಿಕ್ ಮುಗಿಸಿ ಟ್ರೇನಿಂಗೂ ಆಗಿದ್ದ ಸುಹಾಸಿನಿ, ಅದು ಎಲ್ಲಿದೆಯೋ ನೋಡೋಣವೆಂದು ನಕಾಶೆ ತೆಗೆದಳು. ಆಫ್ರಿಕೆಯ ಮಗ್ಗುಲಿಗೆ, ನೀಲಿಯ ನಡುವೆ, ಉಗುರಿಟ್ಟರೆ ಮುಚ್ಚಿಹೋಗುವ ಒಂದು ಚುಕ್ಕೆ. ಆ ಚುಕ್ಕೆಯ ಮೇಲೆ ಹುಡುಗಿಯರಿದ್ದಾರೆ, ಅವರಿಗೊಂದು ಸಾಲಿ ಇದೆ, ಅಲ್ಲಿ ಗಂಟೆ ಬಾರಿಸುತ್ತದೆ ಎಂಬುದೇ ಅವಳಿಗೆ ಸೋಜಿಗವೆನಿಸಿ ಅರ್ಜಿ ಬರೆದಳು. ಒಂದು ದಿನ ತಾರು ಬಂತು: ಆರಿಸಿದ್ದೇವೆ, ಒಪ್ಪಿಗೆ ತಿಳಿಸಿ, ಕರಾರು ಪತ್ರ ಟಪಾಲಿನಲ್ಲಿ ಬರುತ್ತದೆ. ಅವಳು ಒಪ್ಪಿಗೆಯ ತಾರು ಕೊಟ್ಟಳು. ಸಂಜೆಯೊಳಗೆ ಓಣಿಗೆಲ್ಲ ಗೊತ್ತಾಯಿತು.

ಕಲೆಕ್ಟರ ಕಚೇರಿಯಲ್ಲಿ ಕಾರಕೂನನಾಗಿದ್ದ ತಂದೆ ರಮಾಕಾಂತರಾಯರಿಗೆ ಮೊಹರಿಲ್ಲದ ಮಾತಿನ ಮೇಲೆ ನಂಬಿಕೆಯಿರಲಿಲ್ಲ. ಬೇಡವೆನ್ನಲಿಲ್ಲ, ಆದರೆ ಕರಾರು ಪತ್ರ ಕೈಗೆ ಬರಬೇಕು, ಮಗಳು ಎಲ್ಲಿರುವಳು, ಯಾರ ಆಸರೆಗಿರುವಳು ಎಂಬುದನ್ನು ತಾನು ಓದಬೇಕು, ಆಮೇಲೆ ಉಳಿದದ್ದು ಎಂದರು. ಬೇಸಿಗೆಯ ಸೂಟಿ ಮುಗಿದು ಸಾಲಿ ತೆರೆಯುವುದರೊಳಗೆ ಅದು ಬಾರದಿದ್ದರೆ, ಇಲ್ಲಿಯ ಕನ್ಯಾಶಾಲೆಯವರು ಕೊಡುತ್ತೇವೆಂದ ಕಾಯಂ ಜಾಗಕ್ಕೆ ಹೂಂ ಅನ್ನಬೇಕು. ಹೂಂ ಅಂದರೆ ಆ ಚುಕ್ಕೆ ನಕಾಶೆಯಲ್ಲೇ ಉಳಿಯಿತು. ಹೋಳಿ ಹೋಯಿತು, ಯುಗಾದಿ ಹೋಯಿತು. ಟಪಾಲಿನ ಫಕೀರಪ್ಪ ಅವಳನ್ನು ದೂರದಿಂದ ಕಂಡೊಡನೆ ಕೈಯಾಡಿಸುತ್ತಿದ್ದ. “ಹಡಗ ಇನ್ನೂ ಈಸಾಕತ್ತೈತ್ರೀ ಅಕ್ಕೋರ,” ಎನ್ನುವುದು ಅವನ ನಿತ್ಯದ ಮಾತು.

ಕಾಯುವುದು ಸುಹಾಸಿನಿಗೆ ಹೊಸದಲ್ಲ. ಅವಳು ಅಜ್ಜಿಯ ಕಥೆಗಳಲ್ಲಿ ಬೆಳೆದವಳು. ಅಜ್ಜಿಯ ರಾಜಕುಮಾರರೆಲ್ಲ ಏಳು ಸಮುದ್ರದಾಚೆ ಹೊರಟವರು. ಹೂಂಗುಟ್ಟುತ್ತ ಕೇಳುತ್ತಿದ್ದ ಹುಡುಗಿ, ಸಮುದ್ರ ಹೇಗಿರುತ್ತದೆ ಅಂದರೆ, ಕೆಲಗೇರಿ ಕೆರೆ ನೋಡಿದ್ದೀಯಲ್ಲ, ಅದರ ನಾಲ್ಕು ಪಟ್ಟು ಎಂಬ ಉತ್ತರ ಬರುತ್ತಿತ್ತು. ಕುದುರೆ ದಂಡೆಗೆ ಬಂದು ನಿಂತೊಡನೆ ಕಥೆಯೂ ನಿಲ್ಲುತ್ತಿತ್ತು. “ಮುಂದ?” ಎಂದರೆ, “ಮುಂದಿಂದು ನಾಳೆ.” ನಾಳೆ ಬೇರೊಬ್ಬ ರಾಜಕುಮಾರ ಹೊರಡುತ್ತಿದ್ದ.

ಈಗ ಅಜ್ಜಿ ಒಯ್ದ ಗಂಟೂ ಒಂದು ಹೊರಡುವಿಕೆಯೇ. ಪ್ರಯಾಣಕ್ಕೆ ಒಳ್ಳೆಯ ಗಳಿಗೆ ಬಂದು, ಹೋಗುವವರು ಇನ್ನೂ ಸಿದ್ಧವಿಲ್ಲದಿದ್ದರೆ, ಅವರ ಬಟ್ಟೆಯಲ್ಲಿ ಅಕ್ಕಿ, ಅರಿಷಿಣದ ಕೊಂಬು, ಅಡಿಕೆ ಕಟ್ಟಿ, ಹೋಗುವ ದಿಕ್ಕಿನ ಯಾರದಾದರೂ ಮನೆಯಲ್ಲಿ ಇಟ್ಟುಬರುವುದು ರೂಢಿ. ಅದಕ್ಕೆ ಪ್ರಸ್ಥಾನವೆನ್ನುತ್ತಾರೆ. ಗಂಟು ಹೋಯಿತೆಂದರೆ ಪ್ರಯಾಣ ಶುರುವಾದಂತೆ. ಆಮೇಲೆ ಯಾವ ಹೊತ್ತಿನಲ್ಲಿ ಗಾಡಿ ಹತ್ತಿದರೂ ದೋಷವಿಲ್ಲ. ಪಡುವಣಕ್ಕೆ ಹೋಗಲು ಮಳೆಗಾಲದೊಳಗೆ ಇಂದಿನಂಥ ಗಳಿಗೆ ಮತ್ತೊಂದಿಲ್ಲವೆಂದು ಅಜ್ಜಿ ಪಂಚಾಂಗ ಹೇಳುವವರಿಂದ ತಿಳಿದುಕೊಂಡಿದ್ದಳು.

ಸುಹಾಸಿನಿ ಕಾಶೀಬಾಯಿಯ ಮನೆಗೆ ಓಡಿ ಹೋದಾಗ ಅಲ್ಲಿ ವಿಚಾರಣೆ ನಡೆದಿತ್ತು. ಕಾಶೀಬಾಯಿಗೆ ಓಣಿಯ ಭಟ್ಟರಿಗಿಂತ ಒಂದು ಕೈ ಹೆಚ್ಚೇ ಶಾಸ್ತ್ರ ಗೊತ್ತು.

“ಗಂಟು ಕಟ್ಟಿದ ಅರಿವಿ ಯಾರದು?”

“ನಂದ,” ಎಂದಳು ಅಜ್ಜಿ. ತನ್ನ ಹಳೆಯ ಕೆಂಪು ಸೀರೆಯ ತುಂಡು. ಅವಸರಕ್ಕೆ ಅದೇ ಕೈಗೆ ಸಿಕ್ಕಿತ್ತು.

“ಹೊತ್ತು ತಂದಾಕಿ?”

“ನಾನ. ಹುಡುಗಿ ಮನ್ಯಾಗಿರಲಿಲ್ಲ.”

“ಮತ್ತ ಇದು ಅಕೀ ಪ್ರಸ್ಥಾನ ಹೆಂಗಾದೀತು ಅಂಬಕ್ಕಾ? ಅರಿವಿ ನಿಮ್ಮದು, ಕೈ ನಿಮ್ಮದು. ಶಾಸ್ತ್ರದ ಪ್ರಕಾರ ಜಂಜಿಬಾರಕ್ಕ ಹೊಂಟಾಕಿ ನೀವು.”

ಹಿಂದಕ್ಕೆ ಒಯ್ಯೋಣವೆಂದರೆ, ಇಟ್ಟ ಪ್ರಸ್ಥಾನ ಮನೆಗೆ ಮರಳಬಾರದು. ಅದು ಪ್ರಯಾಣ ಮುರಿದಂತೆ. ಕಡೆಗೆ ಕಾಶೀಬಾಯಿಯೇ ದಾರಿ ತೋರಿಸಿದಳು. ಗಳಿಗೆ ಇನ್ನೂ ತುಸು ಉಳಿದಿತ್ತು. ಸುಹಾಸಿನಿ ತನ್ನದೊಂದು ಕುಪ್ಪಸ ತಂದು, ತನ್ನ ಕೈಯಿಂದಲೇ ಅದೇ ಗಂಟಿಗೆ ಸೇರಿಸಿ ಕಟ್ಟಿದಳು. ಒಂದೇ ಗಂಟಿನಲ್ಲಿ ಇಬ್ಬರ ಪ್ರಯಾಣ. ಓಣಿಗೆ ನಗಲು ಇಷ್ಟು ಸಾಕಿತ್ತು. ಮರುದಿನದಿಂದ ನೀರಿಗೆ ಹೋಗುವವರು, ಹೂ ತರುವವರು ಎಲ್ಲರೂ ಕಿಡಕಿಯಲ್ಲಿ ಇಣುಕಿ, ಅಜ್ಜಿಯ ಹಡಗು ಎಷ್ಟು ಹೊತ್ತಿಗೆಂದು ಕೇಳತೊಡಗಿದರು. ಸಮುದ್ರದಲ್ಲಿ ಮಡಿಯ ನೀರಿಗೇನು ಮಾಡುತ್ತೀರಿ, ಅಲ್ಲಿರುವುದು ಬರೀ ಉಪ್ಪುನೀರು ಎಂದು ಯಾರೋ ಕೆಣಕಿದರು. “ಏಳರಾಗ ಮೊದಲನೇದು ಉಪ್ಪಿಂದು,” ಎಂದಳು ಅಜ್ಜಿ. “ಹಾಲಿಂದು ಮುಂದ ಅದ.”

ಪ್ರಸ್ಥಾನ ಒಂದೇ ಮನೆಯಲ್ಲಿ ಬಹಳ ದಿನ ಕೂರಬಾರದು. ಕರಾರು ಪತ್ರವಂತೂ ಬರಲಿಲ್ಲ. ಹಾಗಾಗಿ ಗಂಟನ್ನು ಇನ್ನೂ ಪಡುವಣಕ್ಕೆ ಸರಿಸಬೇಕಾಯಿತು, ಒಂದು ಕೊನೆ ಅಜ್ಜಿ ಹಿಡಿದು, ಒಂದು ಕೊನೆ ಮೊಮ್ಮಗಳು ಹಿಡಿದು. ಮೊದಲು ಅದು ಅರಳೆಯ ವ್ಯಾಪಾರದ ಶಿವಲಿಂಗವ್ವನ ಮನೆಗೆ ಹೋಯಿತು. ಅಷ್ಟು ವರ್ಷ ಅದೇ ಓಣಿಯಲ್ಲಿದ್ದೂ ಅಜ್ಜಿ ಆ ಮನೆಯ ಒಳಗು ಕಂಡಿರಲಿಲ್ಲ. ತಮ್ಮ ಅರಳೆ ಹಡಗಿನಲ್ಲಿ ವಿಲಾಯತಿಗೆ ಹೋಗುತ್ತದೆ, ಆದರೆ ಅಲ್ಲಿ ಹೇಗಿತ್ತೆಂದು ಒಮ್ಮೆಯೂ ಬಂದು ಹೇಳಲಿಲ್ಲವೆಂದು ಶಿವಲಿಂಗವ್ವ ನಕ್ಕಳು. ಅಜ್ಜಿ ನಗಲಿಲ್ಲ. ಎಷ್ಟು ದಿನಕ್ಕೆ ಮುಟ್ಟುತ್ತದೆ, ಒದ್ದೆಯಾಗುವುದಿಲ್ಲವೆ, ಹಡಗಿಗೆ ದಾರಿ ಹೇಗೆ ಕಾಣುತ್ತದೆ ಎಂದು ಒಂದೊಂದಾಗಿ ಕೇಳಿದಳು.

ಸುಹಾಸಿನಿ ಬೆರಗಿನಿಂದ ನೋಡುತ್ತಿದ್ದಳು. ಕಥೆ ಹೇಳುವವಳು ಪ್ರಶ್ನೆ ಕೇಳುವುದನ್ನು ಅವಳು ಅಂದೇ ಮೊದಲು ಕಂಡದ್ದು.

ಆಮೇಲೆ ಗಂಟು ಸ್ಟೇಶನ್ನಿನ ಬಳಿ ಟಾಂಗಾ ಹೊಡೆಯುವ ದಸ್ತಗೀರಸಾಬನ ಮನೆಗೆ ಬಂತು. ಅದಕ್ಕಿಂತ ಪಡುವಣಕ್ಕೆ ಗುರುತಿನವರು ಯಾರೂ ಇರಲಿಲ್ಲ. ಕಾಶೀಬಾಯಿ ಮೂಗು ಮುರಿದಳು. ದಿಕ್ಕಿಗೆ ಜಾತಿಯಿಲ್ಲವೆಂದು ಅಜ್ಜಿ ಗಂಟನ್ನು ಅವರ ಜಗಲಿಯ ಗೂಟಕ್ಕೆ ತೂಗಹಾಕಿಸಿದಳು. ದಸ್ತಗೀರಸಾಬನ ಹೆಂಡತಿ ರಾಜಬಿಯ ಕಾಕಾ ಹಜ್ ಯಾತ್ರೆಗೆ ಹೋಗಿಬಂದವನು. ಸಮುದ್ರ ನೋಡಿದವರ ಮನೆಯೆಂದು ತಿಳಿದದ್ದೇ, ಅಜ್ಜಿ ಅಂಗಳದ ಬೇವಿನ ನೆರಳಿನಲ್ಲಿ ಕೂತೇಬಿಟ್ಟಳು.

“ಏನಂದರವಾ ನಿಮ್ಮ ಕಾಕಾ? ಹೆಂಗಿತ್ತಂತ?”

“ಮೊದಲ ಎರಡ ದಿನಾ ಬರೇ ವಾಂತೀನ ಆತಂತ್ರೀ ಅವ್ವಾರ,” ಎಂದಳು ರಾಜಬಿ. “ಮೂರನೇ ದಿನಾ ತಲಿ ಎತ್ತಿ ನೋಡಿದ್ರ, ದಂಡೀನ ಇಲ್ಲಂತ. ಯಾವ ಕಡೀಗೂ.”

ಕಥೆಯ ರಾಜಕುಮಾರರಾರೂ ವಾಂತಿ ಮಾಡಿಕೊಂಡವರಲ್ಲ. ಅಂದು ಸಂಜೆ ಮನೆಯಲ್ಲಿ ಅಜ್ಜಿ ಮಸಾಲೆಯ ಡಬ್ಬಿಯಿಂದ ಒಂದು ಲವಂಗ ತೆಗೆದು, ಜಂಜಿಬಾರದಿಂದ ಬರುವುದು ಇದೇ ಏನು ಎಂದು ಕೇಳಿ, ಅಂಗೈಯಲ್ಲಿಟ್ಟು ಹೊರಳಿಸಿ ಹೊರಳಿಸಿ ನೋಡಿದಳು. ನಕಾಶೆ ತರಿಸಿ, ನೀಲಿಯ ಮೇಲೆ ಬೆರಳಾಡಿಸಿ, ಕೆಲಗೇರಿ ಕೆರೆ ಎಲ್ಲಿದೆ ಎಂದಳು. ಅದು ಇಷ್ಟು ದೊಡ್ಡ ಕಾಗದದಲ್ಲಿ ಕಾಣಿಸುವಷ್ಟು ದೊಡ್ಡದಲ್ಲವೆಂದು ಹೇಳಲು ಸುಹಾಸಿನಿಗೆ ಸಂಕೋಚವಾಯಿತು.

ಮುಂಗಾರಿನ ಮೊದಲ ಹನಿ ಬಿದ್ದು ಮಣ್ಣಿನ ವಾಸನೆ ಎದ್ದ ದಿನ, ಸಾಲಿ ತೆರೆಯಲು ಇನ್ನೆರಡೇ ದಿನವಿದ್ದಾಗ, ಫಕೀರಪ್ಪ ದೂರದಿಂದ ಕೈಯಾಡಿಸಲಿಲ್ಲ. ಅಂಗಿಯೊಳಗೆ ಮುಚ್ಚಿಟ್ಟುಕೊಂಡು ತಂದ ಉದ್ದನೆಯ ಲಕೋಟೆಯನ್ನು ಅವನು ಎರಡೂ ಕೈಯಿಂದ ಕೊಟ್ಟ. ಅಜ್ಜಿ ಅದನ್ನು ಮೊದಲು ಮೂಗಿಗೆ ಹಿಡಿದಳು. ಲವಂಗದ ವಾಸನೆಯಿರಲಿಲ್ಲ, ಬರೀ ಅಂಟಿನದು.

ರಮಾಕಾಂತರಾಯರು ಕನ್ನಡಕ ಹಾಕಿಕೊಂಡು ಮೊದಲು ಮೊಹರು ನೋಡಿದರು. ಕಮಿಟಿಯವರ ಸಹಿಗಳಲ್ಲಿ ಒಂದು ಗುಜರಾತಿ, ಒಂದು ಇಂಗ್ಲಿಷ್, ಒಂದು ಬಲದಿಂದ ಎಡಕ್ಕೆ ಹರಿದ ಬಳ್ಳಿಯಂಥದು. ಸದಸ್ಯರೊಬ್ಬರು ಲವಂಗದ ಸುಗ್ಗಿಗೆಂದು ಬೇರೆ ನಡುಗಡ್ಡೆಗೆ ಹೋಗಿದ್ದರಿಂದ ತಡವಾಯಿತೆಂದು ಜೊತೆಯ ಪತ್ರದಲ್ಲಿ ಕ್ಷಮೆ ಕೇಳಿದ್ದರು. ಇರಲು ಶಾಲೆಯ ಪಕ್ಕದಲ್ಲೇ ಎರಡು ಕೋಣೆ. ರಾಯರು ತಲೆದೂಗುತ್ತ ಓದಿದರು. ಮುಂದಿನ ಸಾಲಿಗೆ ಬಂದು ನಿಂತರು. ಶಿಕ್ಷಕಿ ಮದುವೆಯಾಗದವಳಿದ್ದಲ್ಲಿ ಅವಳ ಮನೆತನದ ಹಿರಿಯ ಹೆಣ್ಣುಮಗಳೊಬ್ಬಳು ಜೊತೆಗೆ ಬಂದಿರತಕ್ಕದ್ದು. ಇಬ್ಬರ ಹಡಗಿನ ಟಿಕೀಟೂ ಶಾಲೆಯದು.

ತಾಯಿಯ ಕಂಕುಳಲ್ಲಿ ಇನ್ನೂ ನಡೆಯಲು ಬಾರದ ಕೂಸು. ಹುಬ್ಬಳ್ಳಿ ಕೇಶ್ವಾಪುರದ ಸೋದರತ್ತೆಗೆ ಐದು ಮಕ್ಕಳ ಸಂಸಾರ. ಬೇರೆ ಯಾರೂ ಇಲ್ಲ. ರಾಯರು ಕಾಗದವನ್ನು ಅದರ ಮಡಿಕೆಯಂತೆಯೇ ಮಡಿಸಿದರು. “ಇದು ಆಗೂಹಂಗಿಲ್ಲ ಸುಹಾ,” ಎಂದ ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ಅವಳನ್ನು ಹೆಚ್ಚು ನೋಯಿಸಿತು. ಕನ್ಯಾಶಾಲೆಯ ಕಂಪೌಂಡಿನ ಗೋಡೆ, ಅದರಾಚೆಯ ಅದೇ ರಸ್ತೆ, ಎಲ್ಲ ಅವಳ ಕಣ್ಣಿಗೆ ಕಟ್ಟಿತು.

“ರಮಾಕಾಂತ, ಹಿರೇ ಹೆಣ್ಮಗಳು ಅಂತ ಬರದಾರೋ, ಅವ್ವನ ಆಗಬೇಕು ಅಂತ ಬರದಾರೋ?”

ಅಜ್ಜಿ ನಡುಮನೆಯ ಬಾಗಿಲಲ್ಲಿ ನಿಂತಿದ್ದಳು. ತಾಯಿ ತನ್ನನ್ನೇ ಹೇಳಿಕೊಳ್ಳುತ್ತಿದ್ದಾಳೆಂದು ರಾಯರಿಗೆ ತಿಳಿಯಲು ತುಸು ಹೊತ್ತು ಹಿಡಿಯಿತು.

“ಅವ್ವಾ, ಆ ಗಂಟಿನ ಮಾತು ಓಣ್ಯಾಗಿನ ನಗಿ-ಚಾಷ್ಟಿ.”

“ಓಣಿಗೆ ಚಾಷ್ಟಿ. ಮುಹೂರ್ತಕ್ಕ ಚಾಷ್ಟಿ ತಿಳೀತದೇನು?”

ಈ ವಯಸ್ಸು, ಮಡಿ, ಮಠದವರ ಮಾತು ಎಂದು ರಾಯರು ಹೇಳುವಷ್ಟು ಹೇಳಿ, ಸೋತು, ಕಾಶೀಬಾಯಿಯನ್ನು ಕರೆಸಿದರು. ಅವಳಾದರೂ ಬುದ್ಧಿ ಹೇಳಿಯಾಳು. ಕಾಶೀಬಾಯಿ ಬಂದವಳೇ, ಸಮುದ್ರ ದಾಟುವುದು ಶಾಸ್ತ್ರಕ್ಕೆ ಒಪ್ಪಿದ್ದಲ್ಲವೆಂದು ಖಂಡಿತವಾಗಿ ಹೇಳಿದಳು. ರಾಯರ ಮುಖ ಗೆಲುವಾಯಿತು.

“ಇಟ್ಟ ಪ್ರಸ್ಥಾನ ಹಿಂದಕ್ಕ ತಂದರ?” ಎಂದಳು ಅಜ್ಜಿ.

“ಅದೂ ಛಲೋ ಅಲ್ಲ.”

“ಎರಡರಾಗ ಯಾವುದು ಹೆಚ್ಚು ಕೆಟ್ಟದ್ದು, ಖರೇ ಹೇಳು ಕಾಶೀ.”

ಕಾಶೀಬಾಯಿ ಮೂಗಿನ ನತ್ತು ಸರಿಪಡಿಸಿಕೊಂಡಳು. ಒಲ್ಲದ ಮನಸ್ಸು, ಆದರೆ ಶಾಸ್ತ್ರದ ವಿಷಯದಲ್ಲಿ ಸುಳ್ಳು ಅವಳ ಬಾಯಲ್ಲಿ ಬರುವಂತಿರಲಿಲ್ಲ. “ಸಮುದ್ರ ದಾಟಿದ್ದಕ್ಕ ಪ್ರಾಯಶ್ಚಿತ್ತ ಅದ, ತಿರುಗಿ ಬಂದು ಪಂಚಗವ್ಯ ತಗೊಂಡರ ಆತು,” ಎಂದಳು. “ಮುರದ ಪ್ರಸ್ಥಾನಕ್ಕ ಪ್ರಾಯಶ್ಚಿತ್ತ ಹೇಳಿದ್ದು ನಾ ಎಲ್ಲೂ ಕೇಳಿಲ್ಲ.”

ರಾಯರು ಕನ್ನಡಕ ತೆಗೆದು ಒರೆಸಿಕೊಂಡರು. “ಅವ್ವಾ, ಈಗ ಇದೆಲ್ಲಾ ನಿನಗ್ಯಾಕ ಬೇಕಾಗಿತ್ತು?”

“ಎಷ್ಟ ಮಂದಿ ರಾಜಕುಮಾರರನ್ನ ದಂಡೀ ತನಕಾ ಕರಕೊಂಡು ಹೋಗಿ ಬಿಟ್ಟು ಬಂದೀನೋ ಏನೋ,” ಎಂದಳು ಅಜ್ಜಿ. “ಮುಂದ ಏನದ ಅನ್ನೂದು ನನಗೂ ಗೊತ್ತಿಲ್ಲಪಾ.”

ತಾಯಿ ಕೂಸನ್ನು ಇನ್ನೊಂದು ಕಂಕುಳಿಗೆ ಬದಲಾಯಿಸಿ, ಹಾಗಾದರೆ ಅತ್ತೆಯವರ ಸಲುವಾಗಿ ಅರಳುಹಿಟ್ಟು ಮಾಡಿಡಬೇಕು, ಹಡಗಿನ ಅನ್ನ ಅವರಿಗೆ ನಡೆಯುವುದಿಲ್ಲವೆಂದು ಒಳಗೆ ಹೋದಳು. ರಾಯರು ಒಂದು ಗಳಿಗೆ ಆ ಬಾಗಿಲನ್ನೇ ನೋಡುತ್ತಿದ್ದು, ಮಡಿಸಿದ ಕಾಗದವನ್ನು ಮತ್ತೆ ಬಿಡಿಸಿ, ಮೇಜಿನ ಮೇಲೆ ಮಸಿಯ ದೌತಿಯ ಪಕ್ಕ ಇಟ್ಟರು.

ಸುಹಾಸಿನಿ ಸಹಿ ಹಾಕಿದಳು. ಅಜ್ಜಿ ಹೆಬ್ಬೆಟ್ಟು ಒತ್ತಿ, ಮಸಿಯಾದ ಬೆರಳನ್ನು ಒರೆಸಿಕೊಳ್ಳದೆ ಹಾಗೇ ಎತ್ತಿ ಹಿಡಿದು, ಈಗ ಇದನ್ನು ಮೊದಲಿನಿಂದ ಓದಿ ಹೇಳು ಎಂದಳು. ಮೊಮ್ಮಗಳು ಒಂದೊಂದು ಸಾಲನ್ನೂ ಕನ್ನಡ ಮಾಡಿ ಹೇಳಿದಳು. ಶಾಲೆಗೆ ಶುಕ್ರವಾರ ಸೂಟಿ. “ಹೂಂ.” ಹುಡುಗಿಯರಿಗೆ ಹೊಲಿಗೆಯನ್ನೂ ಕಲಿಸತಕ್ಕದ್ದು. “ಹೂಂ.” ಎರಡು ಕೋಣೆಗಳಲ್ಲಿ ಒಂದರ ಕಿಡಕಿ ಸಮುದ್ರದ ಕಡೆಗಿದೆ. ಅಜ್ಜಿ ಹೂಂ ಅನ್ನಲು ಮರೆತಳು. ಹೀಗೆ ಕಟ್ಟಕಡೆಯ ಸಾಲಿನವರೆಗೆ, ಮೂರು ಲಿಪಿಯ ಸಹಿಗಳವರೆಗೆ ಓದಿ, ಸುಹಾಸಿನಿ ನಿಲ್ಲಿಸಿದಳು.

“ಮುಂದ?” ಎಂದಳು ಅಜ್ಜಿ.

ಸುಹಾಸಿನಿ ಕಾಗದದ ಬೆನ್ನು ತಿರುವಿ ನೋಡಿದಳು. ಅಲ್ಲಿ ಏನೂ ಬರೆದಿರಲಿಲ್ಲ.