ಅತ್ತೆಯ ಹೂಂ

ನಮ್ಮ ಅತ್ತೆ ಎಲ್ಲದಕ್ಕೂ ಹೂಂ ಅನ್ನುವವರು. ಕಿವಿ ಹೋದ ಮೇಲೆ ಬಂದ ಅಭ್ಯಾಸ ಇದು. ಅದಕ್ಕೆ ಮುಂಚೆ ನಾನು ಏನೇ ಹೇಳಿದರೂ ಉಹೂಂ ಅನ್ನುತ್ತಿದ್ದರು. ಯಾವುದೋ ಜ್ವರಕ್ಕೆ ಚುಚ್ಚಿದ ಔಷಧಿ ಜ್ವರದ ಜೊತೆಗೆ ಎರಡು ಕಿವಿಗಳನ್ನೂ ತೆಗೆದುಕೊಂಡು ಹೋಯಿತು. ಆಮೇಲೆ ಎದುರಿನವರ ತುಟಿ, ಹುಬ್ಬು ನೋಡಿ ಅಂದಾಜಿನ ಮೇಲೆ ಹೂಂಗುಟ್ಟುವುದು ಶುರುವಾಯಿತು. ಇನ್ನೊಮ್ಮೆ ಹೇಳಿ ಅಂತ ಕೇಳಿ ಯಾರಿಗೂ ಬೇಸರ ಮಾಡಬಾರದಲ್ಲ. ಬಣ್ಣ ಬಳಿಯುವವನು ಏನೋ ಕೇಳಿದ್ದಕ್ಕೆ ಹೀಗೇ ಹೂಂ ಅಂದು, ನಮ್ಮ ಮುಂಬಾಗಿಲು ಇವತ್ತಿಗೂ ಗಿಳಿಹಸಿರು.

ಅಂಥವರನ್ನು ನನ್ನ ಗಂಡ ಪರೀಕ್ಷೆಯ ಕುರ್ಚಿಯಲ್ಲಿ ಕೂರಿಸಿದ್ದರು.

ಇವರ ಯಂತ್ರ ಆಸ್ಪತ್ರೆಯ ನೆಲಮಾಳಿಗೆಯಲ್ಲಿತ್ತು. ಕಿವಿಯ ಹಿಂದೆ ಸಿಕ್ಕಿಸಿಕೊಳ್ಳುವಂಥದ್ದು ಆಗಿನ್ನೂ ಯಾರ ಕನಸಿನಲ್ಲೂ ಇರಲಿಲ್ಲ, ಇದು ಬೀರುವಿನಷ್ಟಿತ್ತು. ಬಸವನಹುಳುವಿನ ಚಿಪ್ಪಿನ ಹಾಗೆ ಸುತ್ತಿಕೊಂಡಿರುವ ಒಳಗಿವಿಗೆ ಕೂದಲೆಳೆಯಂಥ ತಂತಿ ತೂರಿಸಿ, ಸದ್ದನ್ನು ಕರೆಂಟು ಮಾಡಿ ನೇರ ನರಕ್ಕೇ ಮುಟ್ಟಿಸುವುದು ಇವರ ಹಟ. ಕಿವಿ ಡಾಕ್ಟರು ಆಪರೇಷನ್ ಮಾಡಿ ಅತ್ತೆಯ ಕಿವಿಯ ಹಿಂದೆ ಒಂದು ಪುಟ್ಟ ಸಾಕೆಟ್ ಕೂರಿಸಿದ್ದರು. ಯಂತ್ರದ ತಂತಿಯ ಪಿನ್ನು ಅದಕ್ಕೆ ಸಿಕ್ಕಿಕೊಳ್ಳಬೇಕು. ಮಾರನೇ ದಿನ ಹಿರಿಯ ಡಾಕ್ಟರುಗಳು ನೋಡಲು ಬರುವವರಿದ್ದರು. ಕೇಳಿಸದಿದ್ದರೆ ತಂತಿಯನ್ನು ಕಿತ್ತುಹಾಕಿ ಕೆಲಸವನ್ನೇ ನಿಲ್ಲಿಸಬೇಕು ಎಂದು ಮೊದಲೇ ಹೇಳಿದ್ದರು. ಬೇರೆಯವರಿಗೆ ಇದನ್ನು ಮಾಡೋದಕ್ಕೆ ಮುಂಚೆ ನನಗೇ ಮಾಡು ಅಂತ ಅತ್ತೆಯೇ ತಲೆ ಒಡ್ಡಿದ್ದರು.

ಇವರು ಸದ್ದು ಕಳಿಸುವ ಗುಂಡಿ ಒತ್ತಿದರು. ಅತ್ತೆ ಹೂಂ ಅಂದರು. ಮತ್ತೆ ಒತ್ತಿದರು. ಮತ್ತೆ ಹೂಂ. ಇವರ ಮುಖ ಅರಳಿತು. ಮದುವೆಯ ದಿನವೂ ನಾನು ಆ ಮುಖ ನೋಡಿರಲಿಲ್ಲ, ಸ್ವಲ್ಪ ಹೊಟ್ಟೆ ಉರಿಯಿತು ಕೂಡ.

ಆಗ ನನ್ನ ಕಣ್ಣು ಅತ್ತೆಯ ಮಡಿಲಿಗೆ ಬಿತ್ತು. ಶಾಲು ಸರಿಪಡಿಸಿಕೊಳ್ಳುವಾಗ ಕಳಚಿತ್ತೋ ಏನೋ, ಪಿನ್ನು ಅದರ ಮಡಿಕೆಯಲ್ಲಿ ಬಿದ್ದಿತ್ತು. ಗುಂಡಿ ಒತ್ತುವಾಗ ಇವರ ಹುಬ್ಬು ಮೇಲೇರುತ್ತಿತ್ತು. ಅತ್ತೆ ಅದನ್ನು ನೋಡಿ ಹೂಂ ಅನ್ನುತ್ತಿದ್ದರು.

ಹೇಳಿದರೆ ಇವರು ಕುಸಿಯುತ್ತಾರೆ, ಬಿಟ್ಟರೆ ನಾಳೆ ನಾಲ್ಕು ಜನರ ಮುಂದೆ ಮಾನ ಹೋಗುತ್ತದೆ. ಅತ್ತ ದರಿ, ಇತ್ತ ಪುಲಿ. ಕೊನೆಗೆ ಪಿನ್ನನ್ನು ಎತ್ತಿ ತೋರಿಸಿದೆ.

ಇವರು ಅದನ್ನು ನೋಡಿದರು, ಅಮ್ಮನನ್ನು ನೋಡಿದರು. ಯಾಕಮ್ಮ ಅಂತ ತುಟಿ ಆಡಿತು.

"ನಿನ್ನ ಮುಖ ನೋಡ್ಕೊಂಡು ಇಲ್ಲ ಅನ್ನೋಕೆ ನನ್ನ ಕೈಲಿ ಆಗಲ್ಲ ಮಗ," ಅಂದರು ಅತ್ತೆ.

ನನಗೆ ರೇಗಿತು, ಅಳುವೂ ಬಂತು. ಅವರ ಎದುರು ಕುಕ್ಕರುಗಾಲಿನಲ್ಲಿ ಕೂತು, ತುಟಿ ಕಾಣುವ ಹಾಗೆ ನಿಧಾನವಾಗಿ ಹೇಳಿದೆ: "ಅತ್ತೆ, ಮನೇಲಿ ಎಷ್ಟು ಬೇಕಾದ್ರೂ ಹೂಂ ಅನ್ನಿ. ಇಲ್ಲಿ ಮಾತ್ರ, ಇಲ್ಲ ಅಂದ್ರೆ ಇಲ್ಲ ಅನ್ನಿ. ನಿಮ್ಮ ಮಗನ್ನ ನಾನು ನೋಡ್ಕೋತೀನಿ." ಪಿನ್ನು ಸಿಕ್ಕಿಸಿ, ಕುರ್ಚಿಯನ್ನೇ ಗೋಡೆಯ ಕಡೆ ತಿರುಗಿಸಿದೆ. ಪ್ರತಿ ಸಲ ಇವರು ಗುಂಡಿ ಒತ್ತಿದಾಗ ನಾನು ಅತ್ತೆಯ ಭುಜ ಮುಟ್ಟಬೇಕು, ಅವರು ಉತ್ತರ ಹೇಳಬೇಕು ಅಂತ ಗೊತ್ತುಮಾಡಿಕೊಂಡೆವು.

ಮುಟ್ಟಿದೆ. "ಇಲ್ಲ," ಅಂದರು.

ಇವರು ಕರೆಂಟನ್ನು ಒಂದು ಗೆರೆ ಏರಿಸಿದರು. ಇಲ್ಲ. ಇನ್ನೊಂದು ಗೆರೆ. ಇಲ್ಲ. ಇವರ ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು. ಮೀಟರಿನ ಕೆಂಪು ಗೆರೆ ದಾಟಿದರೆ ಇದ್ದಬದ್ದ ನರವೂ ಸುಟ್ಟುಹೋಗುತ್ತದೆ ಅಂತ ಕಿವಿ ಡಾಕ್ಟರು ಎಚ್ಚರಿಸಿದ್ದರು, ಮುಳ್ಳು ಅದರ ಹತ್ತಿರಕ್ಕೇ ಬಂದಿತ್ತು. ಸಾಕು ಬಿಡಿ ಅಂತ ನಾನೇ ಕೈಸನ್ನೆ ಮಾಡಿದೆ. ಇವರು ಇನ್ನೊಂದೇ ಒಂದು ಅಂತ ಬೆರಳೆತ್ತಿದರು.

ಭುಜ ಮುಟ್ಟಿದೆ. ಅತ್ತೆ ಕುರ್ಚಿಯ ಕೈಯನ್ನು ಬಿಗಿಯಾಗಿ ಹಿಡಿದುಕೊಂಡರು. ನೋವಾಯಿತೇನೋ ಅಂತ ನಾನು ತಂತಿಗೆ ಕೈ ಹಾಕಿದ್ದೆ.

"ತಡಿ," ಅಂದರು. "ಏನೋ ಇದೆ. ತಗಡು ಎಳೆದ ಹಾಗೆ."

ಇವರು ಗುಂಡಿ ಬಿಟ್ಟರು. ನಿಜವೋ ನೋಡೋಣ ಅಂತ ನಾನು ಸುಮ್ಮನೆ ಭುಜ ಮುಟ್ಟಿದೆ.

"ಈಗ ಇಲ್ಲ."

ಆ 'ಇಲ್ಲ' ಕೇಳಿ ಇವರು ಕಣ್ಣೊರೆಸಿಕೊಂಡರು. ಆಮೇಲೆ ಯಂತ್ರದ ಮೈಕನ್ನು ಬಾಯಿ ಹತ್ತಿರಕ್ಕೆ ಎಳೆದುಕೊಂಡು, ಅಮ್ಮ ಅಂದರು. ನಾನು ಮುಟ್ಟುವುದನ್ನೇ ಮರೆತಿದ್ದೆ.

"ಈ ಸದ್ದು ಎರಡು ತುಂಡು," ಅಂದರು ಅತ್ತೆ. ಇವರು ಮತ್ತೆ ಅಮ್ಮ ಅಂದರು. ಅತ್ತೆ ಅಮ್-ಮ ಅನ್ನುವ ಅಳತೆಗೆ ಕುರ್ಚಿಯ ಕೈಯನ್ನು ಬೆರಳಿಂದ ಎರಡು ಸಲ ತಟ್ಟಿದರು. "ನನ್ನನ್ನ ಕರೀತಿದ್ದೀಯೇನೋ?"

ಇವರು ಮೈಕನ್ನು ನನ್ನ ಕಡೆ ಸರಿಸಿದರು. ನಾನೇ ಮೈಕಿಗೆ ಬಗ್ಗಿ ಹೂಂ ಅಂದೆ.

"ಇದು ಒಂದೇ ತುಂಡು," ಅಂದರು ಅತ್ತೆ.