ಫೀಸು ಯಾರು ಕಟ್ಟೋದು?

ಸ್ವಲ್ಪ ಇಲ್ಲಿ ಕೇಳಿ, ಮೊಬೈಲ್ ಆಮೇಲೆ ನೋಡಿದರಾಯಿತು. ಒಂದೇ ಒಂದು ಪದ ಒಂದು ಮನೆಯನ್ನು ಹೇಗೆ ತಲೆಕೆಳಗು ಮಾಡಿತು ಅನ್ನುವ ಕಥೆ ಇದು. ಪದವೇನು ದೊಡ್ಡದಲ್ಲ, ನೀವೂ ನಾನೂ ದಿನಾ ಆಡುವಂಥದ್ದೇ.

ಆ ಮನೆಯ ಮಗಳಿಗೆ ಎಲ್ಲರೂ ಇಟ್ಟಿದ್ದ ಅಡ್ಡಹೆಸರು ಪ್ರಶ್ನೆ. ಮಾತು ಬಂದಾಗಿನಿಂದ ಅವಳ ಬಾಯಲ್ಲಿ ಬರೀ ‘ಯಾಕೆ’, ‘ಹೇಗೆ’. ತಮ್ಮನ ಹೆಸರು ನಿಧಾನ. ಒಂದು ಕಾಲಿಗೆ ಸಾಕ್ಸ್ ಹಾಕಿಕೊಂಡು, ಇನ್ನೊಂದನ್ನು ಕೈಯಲ್ಲಿ ಹಿಡಿದು, ಕಿಟಕಿಯಾಚೆ ನೋಡುತ್ತಾ ಕೂತುಬಿಡುವ ಜಾತಿ ಅವನು. ಇಬ್ಬರದೂ ಒಂದೇ ಕಾಲೇಜು. ಅವಳು ಕೊನೆಯ ವರ್ಷದ ಸಂಖ್ಯಾಶಾಸ್ತ್ರ, ಅವನು ಮೊದಲ ವರ್ಷ, ಅದರಲ್ಲೂ ಎರಡು ವಿಷಯಗಳಲ್ಲಿ ಢುಮ್ಕಿ. ಅಪ್ಪ ಲಿಫ್ಟ್ ರಿಪೇರಿ ಮಾಡುವವರು, ಅಮ್ಮ ಮನೆಯಲ್ಲೇ ಮಿಷನ್ ಇಟ್ಟುಕೊಂಡು ಶಾಲೆಯ ಯೂನಿಫಾರ್ಮ್ ಹೊಲಿಯುವವರು.

ಕೊನೆಯ ವರ್ಷದವರೆಲ್ಲ ಒಂದು ಪ್ರಾಜೆಕ್ಟ್ ಮಾಡಬೇಕಿತ್ತು. ಪ್ರಶ್ನೆ ತನ್ನ ಪ್ರಾಜೆಕ್ಟ್ ನೋಡಿಕೊಳ್ಳುವ ಮೇಡಂ ಮುಂದೆ ಹೋಗಿ ನಿಂತಳು.

“ಮೇಡಂ, ಫೀಸು ಯಾರು ಕಟ್ತಾರೆ ಅನ್ನೋದಕ್ಕೂ ಮಾರ್ಕ್ಸಿಗೂ ಏನಾದ್ರೂ ನಂಟು ಇರುತ್ತಾ?”

“ನಂಗೇನು ಗೊತ್ತು? ಹೋಗಿ ಕೇಳ್ಕೊಂಡು ಬಾ.”

ಅಷ್ಟು ಸಾಕಾಗಿತ್ತು. ಕ್ಯಾಂಟೀನಿನಲ್ಲಿ, ಲೈಬ್ರರಿ ಮೆಟ್ಟಿಲ ಮೇಲೆ, ಬಸ್ಸಿಗೆ ಕಾಯುವವರ ನಡುವೆ, ಎಲ್ಲೆಂದರಲ್ಲಿ ಹಿಡಿದು ಕೇಳತೊಡಗಿದಳು. ನಿನ್ನ ಫೀಸು ಯಾರು ಕಟ್ಟೋದು? ನೀನೇನಾ, ಮನೆಯವರಾ, ಸ್ಕಾಲರ್‌ಶಿಪ್ಪಾ? ಕಳೆದ ಪರೀಕ್ಷೆಯಲ್ಲಿ ಎಷ್ಟು ಬಂತು? ಅವಳು ದೂರದಲ್ಲಿ ಕಂಡರೆ ಜನ ದಾರಿ ಬದಲಿಸುವ ಮಟ್ಟಕ್ಕೆ ಬಂತು. ಕ್ಯಾಂಟೀನಿನಾತ ಮಾತ್ರ, “ನನ್ನನ್ನೂ ಕೇಳಮ್ಮ, ನಾನು ಹತ್ತನೇ ಕ್ಲಾಸಿಗೇ ನಿಲ್ಲಿಸ್ದೆ, ಯಾಕೆ ಅಂತ ಯಾರೂ ಕೇಳಲ್ಲ” ಅಂದ.

ಎಲ್ಲ ಕೂಡಿಸಿ ಕಂಪ್ಯೂಟರಿಗೆ ಹಾಕಿದಾಗ ಅವಳಿಗೆ ಕುರ್ಚಿಯಲ್ಲಿ ಕೂರಲಾಗಲಿಲ್ಲ. ‘ನಾನೇ ಕಟ್ಟೋದು’ ಅಂದವರ ಮಾರ್ಕ್ಸು ಉಳಿದವರಿಗಿಂತ ಎದ್ದು ಕಾಣುವಷ್ಟು ಮೇಲಿತ್ತು! ಮನೆಗೆ ಓಡಿಬಂದವಳು ಊಟಕ್ಕೆ ಕೂತಾಗ ಒಂದೇ ಉಸಿರಿಗೆ ಎಲ್ಲ ಹೇಳಿಬಿಟ್ಟಳು. ಅಪ್ಪ ತುತ್ತು ಎತ್ತಿದ ಕೈಯನ್ನು ಹಾಗೇ ನಿಲ್ಲಿಸಿದರು.

“ತಮ್ಮ ಫೀಸು ತಾವೇ ಕಟ್ಟೋರು ಚೆನ್ನಾಗಿ ಓದ್ತಾರಾ?”

“ಹೂಂ ಅಪ್ಪ, ಲೆಕ್ಕ ಹಾಗೆ ಹೇಳ್ತಿದೆ.”

ಅಪ್ಪ ನಿಧಾನನ ಕಡೆ ತಿರುಗಿದರು. ನಿಧಾನ ಅಕ್ಕನ ಕಡೆ ತಿರುಗಿದ. ಅವನ ಕಣ್ಣಲ್ಲಿದ್ದದ್ದನ್ನು ಇಲ್ಲಿ ಹೇಳುವುದು ಚೆನ್ನಾಗಿರುವುದಿಲ್ಲ.

“ಸರಿ ಹಾಗಾದ್ರೆ. ಮುಂದಿನ ಸೆಮಿಸ್ಟರಿನ ಫೀಸು ನಿಂದು ನೀನೇ ದುಡಿದು ಕಟ್ಕೋ. ಎಲ್ಲಿ ದುಡೀತೀಯೋ ನಂಗೊತ್ತಿಲ್ಲ.”

“ರೀ, ಅವನು ಷರ್ಟಿನ ಗುಂಡಿ ಹಾಕ್ಕೊಳ್ಳೋಕೇ ಅರ್ಧ ಗಂಟೆ ತಗೋತಾನೆ,” ಅಂದರು ಅಮ್ಮ.

“ಅದಕ್ಕೇ ಹೇಳ್ತಿರೋದು.”

ಹೀಗೆ ನಿಧಾನ ಕಾಲೇಜು ಮುಗಿದ ಮೇಲೆ ಕಾರು ತೊಳೆಯುವ ಕಡೆ ಕೆಲಸಕ್ಕೆ ಸೇರಿದ. ಸಂಜೆಯೆಲ್ಲ ಪೈಪು, ನೊರೆ, ಒರೆಸುವ ಬಟ್ಟೆ. ಮನೆಗೆ ಬಂದಾಗ ಬೆರಳ ತುದಿಗಳು ಸುಕ್ಕುಗಟ್ಟಿ ಬೆಳ್ಳಗಾಗಿರುತ್ತಿದ್ದವು. ಅಕ್ಕನಿಗೆ ಪಾಪ ಅನ್ನಿಸುವ ಮೊದಲು ಕುತೂಹಲ ಬಂತು ಅಂದರೆ ಬೈಯಬೇಡಿ, ಅವಳು ಇರುವುದೇ ಹಾಗೆ. “ಈಗ ಓದೋಕೆ ಮನಸ್ಸು ಬರ್ತಿದೆಯಾ? ಮುಂಚೆಗಿಂತ ಜಾಸ್ತಿನಾ?” ಅಂತ ಬಾಗಿಲಲ್ಲೇ ಹಿಡಿಯುತ್ತಿದ್ದಳು. “ನಿದ್ದೆ ಬರ್ತಿದೆ, ಮುಂಚೆಗಿಂತ ಜಾಸ್ತಿ,” ಅಂತ ಅವನು ಒಳಗೆ ನುಸುಳುತ್ತಿದ್ದ. ಆದರೂ ಪುಸ್ತಕ ಹಿಡಿಯುತ್ತಿದ್ದ, ಅದಂತೂ ನಿಜ. ಹಿಡಿದು, ಅದರ ಮೇಲೇ ತಲೆಯಿಟ್ಟು ಮಲಗುತ್ತಿದ್ದ, ಅದೂ ನಿಜ.

ಪರೀಕ್ಷೆ ಹತ್ತಿರ ಬಂತು. ಪ್ರಶ್ನೆ ತನ್ನ ಪರೀಕ್ಷಾ ಶುಲ್ಕ ಕೊಡಲು ಕಾಲೇಜಿನ ಕೌಂಟರ್ ಮುಂದೆ ಸಾಲಿನಲ್ಲಿ ನಿಂತಿದ್ದಳು. ಹಿಂದೆ ಅವಳ ಗೆಳತಿ, ಕ್ಲಾಸಿಗೇ ಮೊದಲು ಬರುವವಳು, ‘ನಾನೇ ಕಟ್ಟೋದು’ ಗುಂಪಿನ ಮುಕುಟಮಣಿ. ಗೆಳತಿ ಫೋನಿನಲ್ಲಿ ಹೇಳುತ್ತಿದ್ದಳು, “ಬಂತಪ್ಪ, ದುಡ್ಡು ಬಂತು. ಈಗ ಕಟ್ತೀನಿ.”

ಪ್ರಶ್ನೆ ಸರ್ರನೆ ತಿರುಗಿದಳು.

“ಯಾರ ದುಡ್ಡು?”

“ಅಪ್ಪಂದು. ಇನ್ಯಾರ್ದು?”

“ನಿನ್ನ ಫೀಸು ನೀನೇ ಕಟ್ತೀನಿ ಅಂದಿದ್ಯಲ್ಲೇ!”

“ನಾನೇ ತಾನೆ ಕಟ್ತಿರೋದು? ನೋಡು, ನಿಂತಿದ್ದೀನಲ್ಲ. ನಮ್ಮಪ್ಪ ಅಷ್ಟು ದೂರದಿಂದ ಬಂದು ಈ ಕ್ಯೂನಲ್ಲಿ ನಿಲ್ತಾರೇನೇ?”

ಪ್ರಶ್ನೆಗೆ ಆಗ ಹೊಳೆಯಿತು. ಕಟ್ಟುವುದು! ದುಡ್ಡು ಕೊಡುವವರೂ ಕಟ್ಟುತ್ತಾರೆ, ಆ ದುಡ್ಡು ಹಿಡಿದುಕೊಂಡು ಹೋಗಿ ಕೌಂಟರಿನಲ್ಲಿ ತುಂಬುವವರೂ ಕಟ್ಟುತ್ತಾರೆ. ಅವಳು ಕೇಳಿದ್ದು ಒಂದು, ಅರ್ಧ ಕಾಲೇಜು ಹೇಳಿದ್ದು ಇನ್ನೊಂದು.

ಸಾಲು ಬಿಟ್ಟು ಓಡಿದಳು. ಮತ್ತೆ ಕ್ಯಾಂಟೀನು, ಮತ್ತೆ ಮೆಟ್ಟಿಲು. ಈ ಸಲ ಕೇಳಿದ್ದು, “ದುಡ್ಡು ಯಾರ್ದು?” ನಿಜವಾಗಿ ತಾವೇ ದುಡಿದು ಓದುವವರು ಬೆರಳೆಣಿಕೆಯಷ್ಟು ಸಿಕ್ಕರು. ಅವರಲ್ಲಿ ಕೆಲವರು ತುಂಬ ಮೇಲೆ, ಕೆಲವರು ತೀರಾ ಕೆಳಗೆ, ಒಬ್ಬರ ಹಾಗೆ ಒಬ್ಬರಿಲ್ಲ. ಮೇಲೆ ಎದ್ದು ಕಂಡ ಗುಂಪು ಬೇರೆಯೇ. ಮನೆಯವರು ಕೈಗೆ ದುಡ್ಡು ಕೊಟ್ಟು ‘ಹೋಗಿ ಕಟ್ಟು’ ಅಂತ ನಂಬಿ ಕಳಿಸಿದವರದು.

ಮೇಡಂ ಕೇಳಿ ಕನ್ನಡಕ ತೆಗೆದರು. “ಚೆನ್ನಾಗಿದೆ. ಈಗ ಹೇಳು, ಮನೆಯವರು ನಂಬಿದ್ದಕ್ಕೆ ಅವರು ಓದ್ತಾರೋ, ಅವರು ಓದ್ತಾರೆ ಅಂತ ಮನೆಯವರು ನಂಬ್ತಾರೋ?”

“ಗೊತ್ತಿಲ್ಲ ಮೇಡಂ.”

“ಅದನ್ನೇ ಬರಿ. ಗೊತ್ತಿಲ್ಲ ಅಂತ.”

ಪ್ರಾಜೆಕ್ಟಿನಲ್ಲಿ ಬರೆಯುವುದು ಸುಲಭ. ಮನೆಯಲ್ಲಿ? ಅವಳು ಮೊದಲು ಹೋಗಿದ್ದು ತಮ್ಮನ ಹತ್ತಿರ, ಅವನು ಕೆಲಸ ಮಾಡುವ ಜಾಗಕ್ಕೇ. ನಿಧಾನ ಒಂದು ಕಾರಿನ ಗಾಜು ಒರೆಸುತ್ತಿದ್ದ, ಅದೂ ಬೇಗ ಬೇಗ. ಎಲ್ಲ ಹೇಳಿ, “ಇವತ್ತೇ ಅಪ್ಪಂಗೆ ಹೇಳ್ತೀನಿ ಕಣೋ, ನೀನು ಕೆಲಸ ಬಿಡು,” ಅಂದಳು.

ಅವನ ಕೈ ನಿಂತಿತು.

“ಬೇಡ ಕಣೇ ಅಕ್ಕ. ಪರೀಕ್ಷೆ ಮುಗಿಯೋವರೆಗೆ ಸುಮ್ನಿರು.”

“ಹುಚ್ಚು ಹಿಡೀತಾ? ಪುಸ್ತಕದ ಮೇಲೆ ಗೊರಕೆ ಹೊಡೀತಿದ್ದೀಯ! ಈ ಸಲನೂ ಫೇಲಾದ್ರೆ ವರ್ಷನೇ ಹೋಯ್ತು, ಗೊತ್ತಾ?”

“ಗೊತ್ತು. ಆದ್ರೆ ಅಪ್ಪ ಈಗ ನಾನು ಬಂದ ತಕ್ಷಣ ಏನು ಕೇಳ್ತಾರೆ ಗೊತ್ತಾ? ಇವತ್ತು ಎಷ್ಟು ಗಾಡಿ ಬಂತು ಅಂತಾರೆ. ಅವರ ಲಿಫ್ಟಿನ ಸುದ್ದಿ ನಂಗೆ ಹೇಳ್ತಾರೆ. ಮುಂಚೆ ಯಾವತ್ತಾದ್ರೂ ಹೇಳಿದ್ರಾ?” ಬಟ್ಟೆ ಹಿಂಡಿದ. “ಇದು ನನ್ನ ದುಡ್ಡು ಅಂದ್ಕೊಂಡೇ ಓದ್ತಿದ್ದೀನಿ ಕಣೇ. ಲೆಕ್ಕ ಸುಳ್ಳು ಅಂತ ನನ್ನ ಕೆಲಸ ಬಿಡಿಸಿಬಿಟ್ರೆ ಪುಸ್ತಕ ಮುಟ್ಟೋಕೂ ಮನಸ್ಸು ಬರಲ್ಲ.”

ಆಗಲಿ ಅಂತ ಅವಳು ಬಾಯಿಗೆ ಬೀಗ ಹಾಕಿಕೊಂಡಳು. ಅವಳ ಬಾಯಿಗೆ! ಸಂಜೆ ಅಪ್ಪ ಉಬ್ಬಿಕೊಂಡು ಮನೆಗೆ ಬಂದರು. “ಏನಮ್ಮ, ನಿನ್ನ ಲೆಕ್ಕನ ನಮ್ಮ ಕಡೆ ಎಲ್ರಿಗೂ ಹೇಳ್ದೆ. ನನ್ನ ಜೊತೆ ಲಿಫ್ಟಿಗೆ ಇಳಿಯೋನು ಇದ್ದಾನಲ್ಲ, ಅವನೂ ಮಗಳಿಗೆ ಹೇಳಿದ್ದಾನಂತೆ, ಫೀಸು ನೀನೇ ನೋಡ್ಕೋ ಅಂತ.”

ಆ ಹುಡುಗಿಯನ್ನು ಪ್ರಶ್ನೆ ಕಂಡವಳೇ ಅಲ್ಲ. ಅವಳ ಬೆರಳುಗಳೂ ಎಲ್ಲೋ ಸುಕ್ಕಾಗುತ್ತವೆ ಅನ್ನಿಸಿತು. ಬೀಗ ಕಳಚಿತು.

“ಅಪ್ಪ, ಆ ಲೆಕ್ಕ ತಪ್ಪು.”

ಎಲ್ಲ ಕೇಳಿ ಅಪ್ಪ ಮೊದಲು ನಕ್ಕರು. “ಕಟ್ಟೋದು ಅಂದ್ರೆ ಕ್ಯೂ ನಿಲ್ಲೋದಾ!” ಆಮೇಲೆ ನಗು ಅರ್ಧಕ್ಕೇ ನಿಂತಿತು. ಜೊತೆಗಾರನಿಗೆ ಫೋನು ಹಚ್ಚಿ, “ಮಗಳಿಗೆ ಹೇಳಿದ್ದು ವಾಪಸ್ ತಗೋ ಮಾರಾಯ,” ಅಂದರು. ನಿಧಾನ ಒಳಗೆ ಬಂದಾಗ ಅವನ ಕೈ ನೋಡಿ, “ನಾಳೆಯಿಂದ ಬೇಡಪ್ಪ. ಫೀಸು ನಾನು ನೋಡ್ಕೋತೀನಿ. ನೀನು ಓದ್ಕೋ,” ಅಂದರು, ಎಷ್ಟು ಮೆತ್ತಗೆ ಅಂದರೆ ಬೈದಿದ್ದರೇ ವಾಸಿಯಿತ್ತು. ಅವನು ಅಕ್ಕನನ್ನು ನೋಡಿದ. ಆಮೇಲೆ ಎಷ್ಟೋ ದಿನ ನೋಡಲಿಲ್ಲ.

ಕೆಲಸ ಬಿಟ್ಟ. ಚೆನ್ನಾಗಿ ನಿದ್ದೆ ಮಾಡಿದ. ಪುಸ್ತಕದ ಮುಂದೆ ಕೂತ, ಆದರೆ ಕಿಟಕಿಯ ಕಡೆಗೇ ಹೆಚ್ಚು ನೋಡಿದ. ಎರಡು ವಿಷಯಗಳಲ್ಲಿ ಒಂದು ಪಾಸಾಯಿತು, ಇನ್ನೊಂದು ಕೂದಲೆಳೆಯಲ್ಲಿ ತಪ್ಪಿತು.

“ನೀನು ಸುಮ್ನಿದ್ದಿದ್ರೆ ಎರಡೂ ಆಗೋದು,” ಅನ್ನುತ್ತಾನೆ ಅವನು. “ಇನ್ನೂ ಮುಂಚೆ ಹೇಳಿದ್ದಿದ್ರೆ ಎರಡೂ ಆಗೋದು,” ಅನ್ನುತ್ತಾರೆ ಅಮ್ಮ. ಮೇಡಂ ಹತ್ತಿರ ಹೋದರೆ, “ಒಬ್ಬ ಹುಡುಗನಿಂದ ಏನೂ ಗೊತ್ತಾಗಲ್ಲ ತಾಯಿ,” ಅಂತ ನಕ್ಕರು. ಅವಳಿಗೆ ಬೇಕಾಗಿದ್ದದ್ದು ಆ ಒಬ್ಬ ಹುಡುಗನ ಉತ್ತರವೇ.

ಈಗ ನೀವು ಹೇಳಿ. ನೀವಾಗಿದ್ದರೆ ಅವತ್ತು ಅಪ್ಪನಿಗೆ ಹೇಳುತ್ತಿದ್ದಿರಾ, ಇಲ್ಲ ತಮ್ಮ ಕೇಳಿಕೊಂಡ ಹಾಗೆ ಪರೀಕ್ಷೆ ಮುಗಿಯುವ ತನಕ ಬಾಯಿ ಮುಚ್ಚಿಕೊಂಡು ಇರುತ್ತಿದ್ದಿರಾ?