ಹೃದಯ ನಿಂತವರ ಸಾಲು

ತಿಳಿ ನೀಲಿಯಂತೆ, ಕೆಂಪು ಕಂಡರೆ ಮೇಲಿನವರು ಗಾಬರಿ ಬೀಳ್ತಾರಂತೆ, ಗ್ರಾಫಿನಲ್ಲಿ ರಸ್ತೆ ಸಾವಿನ ಕಂಬಕ್ಕೆ ತಿಳಿ ನೀಲಿ ಹಾಕಮ್ಮ ಪ್ರನೋಮ್, ಪಕ್ಕದಲ್ಲೇ ಪಾರ್ಶ್ವವಾಯುವಿನ ಕಂಬ ನಿಲ್ಲಿಸು, ಆಗ ಇದು ಕುಳ್ಳಗೆ ಕಾಣುತ್ತೆ — ಅಂದು ತವೀ ಸಾಹೇಬರು ಐಸ್ ಕಾಫಿಗೆ ಹೋದರು, ಹೋಗಲಿ, ಹನ್ನೊಂದು ವರ್ಷದಿಂದ ಜಿಲ್ಲಾ ಆರೋಗ್ಯ ಕಚೇರಿಯಲ್ಲಿ ಸತ್ತವರನ್ನು ಸಾಲು ಹಿಡಿಸಿದವಳು ಇನ್ನು ಬಣ್ಣ ಬಳಿಯುವುದೂ ಕಲಿಯಬೇಕು. ಹೊಸ ವರ್ಷದ ನೀರಾಟದ ಹಬ್ಬ, ಸರ್ಕಾರ ಅಪಾಯದ ದಿನಗಳೆಂದು ಸಾವು ಎಣಿಸುವ ಏಳು ದಿನ ನಿನ್ನೆಗೆ ಮುಗಿದವು, ಮಧ್ಯಾಹ್ನದೊಳಗೆ ಬ್ಯಾಂಕಾಕಿಗೆ ಪಟ್ಟಿ ಹೋಗಬೇಕು, ಹಾವು ಕಚ್ಚಿ ಎರಡು, ನೀರಲ್ಲಿ ಮುಳುಗಿ ಒಂಬತ್ತು, ಡೆಂಗಿ ನಾಲ್ಕು, ರಸ್ತೆ ಮೂವತ್ತೊಂದು, ಹೋದ ವರ್ಷವೂ ಮೂವತ್ತೊಂದೇ, ಒಂದೂ ಹೆಚ್ಚಿಲ್ಲ ನೋಡು ಅಂತ ಸಾಹೇಬರಿಗೆ ಹಿಗ್ಗೋ ಹಿಗ್ಗು, ಮತ್ತೆ ಈ ಸಾಲು, ಎಲ್ಲಕ್ಕಿಂತ ಉದ್ದದ್ದು, ಹೃದಯ ನಿಂತು — ಮನೆಯಲ್ಲಿ ಯಾರು ಸತ್ತರೂ ಸಾವಿನ ಚೀಟಿಯಲ್ಲಿ ಹಳ್ಳಿಯ ಮುಖಂಡ ಬರೆಯುವುದು ಇದೊಂದೇ, ಅಲ್ಲ ಸ್ವಾಮಿ, ಹೃದಯ ನಿಲ್ಲದೆ ಸತ್ತವನು ಯಾವನಿದ್ದಾನೆ, ತಲೆ ಒಡೆದವನೂ ಇಲ್ಲೇ, ಕ್ಯಾನ್ಸರಿನವಳೂ ಇಲ್ಲೇ, ನನ್ನ ತಮ್ಮ ವಿತೂನನೂ ಇಲ್ಲೇ, ವಯಸ್ಸು ಇಪ್ಪತ್ತಾರು, ಹಬ್ಬದ ಮೂರನೆಯ ದಿನ, ಬೈಕಿಗೆ ಗುದ್ದಿದ ಪಿಕಪ್ಪು ಯಾವ ಸಾಲಿನಲ್ಲೂ ಇಲ್ಲ.

ಬೆಳಿಗ್ಗೆ ಅಮ್ಮನಿಗೆ ಫೋನ್ ಮಾಡಿದ್ದಳು, ಒಂದು ಸಹಿ ಹಾಕಮ್ಮ, ಕಾರಣ ತಿದ್ದಿಸ್ತೀನಿ, ಅವನು ರಸ್ತೆ ಲೆಕ್ಕಕ್ಕೆ ಸೇರಲಿ — ನಿನ್ನ ಲೆಕ್ಕಕ್ಕಿಷ್ಟು ಬೆಂಕಿ ಹಾಕ, ರಸ್ತೇಲಿ ಸತ್ತೋನು ರಸ್ತೇಲೇ ಅಲೀತಾನೆ ಕಣೇ, ಅದಕ್ಕೇ ತಾನೆ ಆಸ್ಪತ್ರೆಯೋರ ಕಾಲು ಹಿಡಿದು ಉಸಿರಿರೋವಾಗ್ಲೇ ಮನೆಗೆ ತಂದಿದ್ದು, ನನ್ನ ಮಗ ಹುಟ್ಟಿದ ಮನೇಲಿ, ನನ್ನ ತೊಡೆ ಮೇಲೆ ಹೋದ, ಮತ್ತೆ ಬೀದಿಗೆ ಅಟ್ಟಬೇಡ. ತಿದ್ದಿದರೆ ಮೂವತ್ತೆರಡು, ಯಾರಾದರೂ ಆ ತಿರುವಿಗೆ ಒಂದು ದೀಪವನ್ನಾದರೂ ಹಾಕಿಯಾರು, ತಿದ್ದದಿದ್ದರೆ ಸುಳ್ಳು, ಆಸ್ಪತ್ರೆಯಿಂದ ಮನೆಯವರೆಗೆ ನಲವತ್ತು ಕಿಲೋಮೀಟರಿನ ಸುಳ್ಳು, ಅವತ್ತಿನ ಆಂಬುಲೆನ್ಸಿನಲ್ಲಿ ಅಮ್ಮ, ಜೀವ ದಾರಿ ತಪ್ಪದಿರಲೆಂದು, ಪ್ರತಿ ಸೇತುವೆಗೂ ಕೂಗುತ್ತಿದ್ದಾಳೆ, ವಿತೂನ್, ಸೇತುವೆ ದಾಟ್ತಿದೀವಿ, ಹಿಂದೇನೇ ಬಾ ಮಗಾ, ನರ್ಸಮ್ಮ ಅವನ ಬಾಯಿಗಿಟ್ಟ ರಬ್ಬರ್ ಚೀಲ ಒತ್ತುತ್ತಿದ್ದಾಳೆ, ಬಿಡುತ್ತಿದ್ದಾಳೆ, ಎರಡನೆಯ ಸೇತುವೆ, ನರ್ಸಮ್ಮ ಅವನ ಕುತ್ತಿಗೆ ಮುಟ್ಟಿ ನೋಡಿದಳು, ಆಮೇಲೆ ಪ್ರನೋಮಳ ಮುಖ ನೋಡಿದಳು, ಇಲ್ಲವೆಂದು ಮೆಲ್ಲಗೆ ತಲೆಯಾಡಿಸಿದಳು, ಕೈ ತೆಗೆಯಲು ಹೊರಟಳು — ಪ್ರನೋಮ್ ಆ ಕೈಯ ಮೇಲೆ ತನ್ನ ಕೈಯಿಟ್ಟು ಅದುಮಿದಳು, ಒತ್ತು, ನಿಲ್ಲಿಸಬೇಡ, ಒತ್ತು, ಇನ್ನೂ ಇಪ್ಪತ್ತೆರಡು ಕಿಲೋಮೀಟರು, ಮೂರು ಸೇತುವೆ, ಅಮ್ಮನಿಗೆ ಇವತ್ತಿಗೂ ಗೊತ್ತಿಲ್ಲ, ಗೊತ್ತಿರುವುದು ಲೆಕ್ಕದವಳೊಬ್ಬಳಿಗೆ, ಥೂ ನನ್ನ ಲೆಕ್ಕವೇ.

ಏನಮ್ಮ, ರಸ್ತೆ ಮೂವತ್ತೊಂದು ತಾನೆ, ಕಳಿಸಲಾ? ಸಾಹೇಬರು, ಕೈಯಲ್ಲಿ ಕಾಫಿ. ಮೂವತ್ತೊಂದೇ ಸರ್, ಅಂದಳು, ಬಾಯಿ ತಾನಾಗಿಯೇ ಅಂದುಬಿಟ್ಟಿತು, ಪಟ್ಟಿ ಹೋಯಿತು, ಆದರೆ ಆ ಕೈ, ಸತ್ತವನ ಬಾಯಿಗೆ ಗಾಳಿ ಒತ್ತುವ ಕೈ, ಅದರ ಮೇಲೆ ತನ್ನ ಕೈ, ಒತ್ತು, ಬಿಡು, ಒತ್ತು —